ಆರು ಬೀರುಗಳ ಅಂಗನವಾಡಿ

ಯಡಿಯೂರಿನ ನಮ್ಮ ಬೀದಿಯ ಅಂಗನವಾಡಿಯಲ್ಲಿ ಮಂಗಮ್ಮ ಇಪ್ಪತ್ತೆರಡು ವರ್ಷದಿಂದ ಟೀಚರು. ಅವರನ್ನು ಗಟ್ಟಿಗಿತ್ತಿ ಎಂದು ಯಾರಾದರೂ ಹೊಗಳಿದರೆ ನನಗೆ ನಗು ಬರುತ್ತದೆ. ಸಾಹೇಬರ ಫೋನ್ ಬಂದರೆ ಎದ್ದು ನಿಂತು ಮಾತಾಡುವ ಹೆಂಗಸು ಅವರು. ಅವರು ಜಗ್ಗದಿರುವುದು ಒಂದೇ ವಿಷಯಕ್ಕೆ: ಊಟವಾದ ಮೇಲೆ ಹದಿನೆಂಟು ಮಕ್ಕಳೂ ಮಲಗಬೇಕು.

ಅದರಲ್ಲೂ ಮೂರು ವರ್ಷದ ಅರ್ಪಿತ. ತಾಯಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಹೊರಡಲು ಐದಕ್ಕೆ ಎದ್ದರೆ ಇವಳೂ ಏಳುತ್ತಾಳೆ. ಮಧ್ಯಾಹ್ನ ನಿದ್ದೆ ತಪ್ಪಿದರೆ ರಾತ್ರಿ ತುತ್ತು ಬಾಯಲ್ಲಿರುವಾಗಲೇ ತೂಕಡಿಸಿ ಅರೆಹೊಟ್ಟೆಯಲ್ಲಿ ಮಲಗಿಬಿಡುತ್ತಾಳೆ.

ಹೀಗಿರುವಾಗ ಮೂರು ಇಲಾಖೆಗಳು ಒಂದಾದವು. ಮಕ್ಕಳಿಗೆ ಊಟ ಹಾಕುವವರು, ತೂಕ ನೋಡುವವರು, ಅಕ್ಷರ ಕಲಿಸುವವರು ಸೇರಿ ಸಮನ್ವಯ ಸಮಿತಿ ಮಾಡಿಕೊಂಡು, ಅಂಗನವಾಡಿಯನ್ನು ಉದ್ಧಾರ ಮಾಡಲು ಹೊರಟರು. ಒಬ್ಬೊಬ್ಬರೂ ಎರಡೆರಡು ಕಬ್ಬಿಣದ ಬೀರು, ಒಂದೊಂದು ದೊಡ್ಡ ಮೇಜು ಕಳಿಸಿದರು. ಇರುವುದು ಹತ್ತು ಹನ್ನೆರಡಡಿ ಕೋಣೆ. ಬೀರುಗಳಲ್ಲಿ ಏನಿತ್ತು ಎಂದರೆ, ಮಗುವಿಗೆ ನಿದ್ದೆ ಎಷ್ಟು ಮುಖ್ಯ ಎಂದು ತಿಳಿಸುವ ಪೋಸ್ಟರುಗಳು.

ಮಕ್ಕಳು ಮೇಜುಗಳ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಉಂಡರು. ಮಲಗಲು ಜಾಗವಿರಲಿಲ್ಲ. ಮಂಗಮ್ಮ ಮೂರೂ ಕಚೇರಿ ಸುತ್ತಿದರು. "ನಮ್ಮದು ಇರ್ಲಿ ಮೇಡಂ, ಅವರದ್ದು ತೆಗೆಸಿ" ಎಂದು ಮೂರೂ ಕಡೆ ಹೇಳಿದರು. ಸ್ಟಾಕ್ ರಿಜಿಸ್ಟರಿಗೆ ಏರಿದ ವಸ್ತು ಹಾಳಾಗುವವರೆಗೆ ಜಾಗ ಬಿಟ್ಟು ಕದಲುವಂತಿಲ್ಲವಂತೆ.

"ಅಕ್ಕ, ಸುತ್ತಿಗೇಲಿ ನಾಲ್ಕು ಬಿಟ್ಟು ಹಾಳು ಮಾಡೋಣ್ವಾ?" ಎಂದಳು ಸಹಾಯಕಿ ಲಕ್ಷ್ಮಿದೇವಮ್ಮ.

"ಸರ್ಕಾರದ್ದು ಕಣೆ!" ಎಂದು ಮಂಗಮ್ಮ ಬೆಚ್ಚಿದರು.

ಮೂರು ವಾರ ಕಳೆಯಿತು. ಅರ್ಪಿತಳ ತೂಕ ಅರ್ಧ ಕೆಜಿ ಇಳಿಯಿತು. ಆ ತಿಂಗಳ ಸಮಿತಿ ಸಭೆಗೆ ಮಂಗಮ್ಮನಿಗೂ ಕರೆ ಬಂತು: ಮಧ್ಯಾಹ್ನ ಎರಡಕ್ಕೆ, ಜಯನಗರದ ಸಭಾಂಗಣದಲ್ಲಿ, ಪ್ರಗತಿ ವಿವರಿಸಲು. ಹೋದರು. ಆದರೆ ಒಬ್ಬರೇ ಹೋಗಲಿಲ್ಲ. ಹದಿನೆಂಟು ಮಕ್ಕಳಿಗೂ ಹಳೇ ಸೀರೆಯೊಂದರ ಅಂಚು ಹಿಡಿಸಿ ಸಾಲಾಗಿ ನಡೆಸಿಕೊಂಡು, ಜಮಖಾನ ಹೊತ್ತ ಲಕ್ಷ್ಮಿದೇವಮ್ಮನ ಜೊತೆ ಒಂದಕ್ಕೇ ಅಲ್ಲಿದ್ದರು. ಎಸಿ ಹಾಲ್, ಖಾಲಿ ನೆಲ. ಮಕ್ಕಳು ಬಿದ್ದಲ್ಲೇ ನಿದ್ದೆ ಹೋದರು.

ಎರಡಕ್ಕೆ ಅಧ್ಯಕ್ಷ ದುಂಡಪ್ಪನವರು ಅಧಿಕಾರಿಗಳೊಂದಿಗೆ ಬಂದರು. ಧಾರವಾಡದ ಕಡೆಯವರು, ದನಿ ದೊಡ್ಡದು. "ಏನ್ರೀ ಇದು!"

ಅರ್ಪಿತ ಮಗ್ಗುಲು ಬದಲಿಸಿದಳು. ಮಂಗಮ್ಮ ತುಟಿಯ ಮೇಲೆ ಬೆರಳಿಟ್ಟರು. ಸಾಹೇಬರ ಎದುರು ಹಾಗೆ ಮಾಡಿದ್ದು ಅವರ ಜನ್ಮದಲ್ಲೇ ಮೊದಲು. ಆದರೂ ಬೆರಳು ಕೆಳಗಿಳಿಸಲಿಲ್ಲ.

ದುಂಡಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು. ಸಭೆ ಪಿಸುಮಾತಿನಲ್ಲಿ ನಡೆಯಿತು. ಪಿಸುಗುಟ್ಟುತ್ತ ಜಗಳವಾಡುವುದು ಕಷ್ಟ. ಹಾಗಾಗಿ ಹುಟ್ಟಿದಾಗಿನಿಂದ ಒಮ್ಮತ ಕಾಣದ ಸಮಿತಿ ಕಾಲು ಗಂಟೆಯಲ್ಲಿ ಒಮ್ಮತಕ್ಕೆ ಬಂತು. ಬೀರು ತೆಗೆಯಲು ನಿಯಮವಿಲ್ಲ. ಸಭಾಂಗಣ ಬಿಟ್ಟುಕೊಡಲು ಇದೆ. ಆದ್ದರಿಂದ ಇನ್ನು ಮುಂದೆ ಮಕ್ಕಳು ಸಭಾಂಗಣದಲ್ಲಿ, ಸಮಿತಿ ಅಂಗನವಾಡಿಯಲ್ಲಿ!

ಮುಂದಿನ ತಿಂಗಳು ನಮ್ಮ ಬೀದಿಯಲ್ಲಿ ಮೂರು ಜೀಪು ನಿಂತವು. ದುಂಡಪ್ಪನವರು ಎರಡು ಬೀರುಗಳ ನಡುವೆ ಹೊಟ್ಟೆ ಎಳೆದುಕೊಂಡು ತೂರಿ, ಮಕ್ಕಳ ಕುರ್ಚಿಯ ಮೇಲೆ ಕೂತರು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ವರದಿ ಒಪ್ಪಿಸಲು ಬಂದ ಮಂಗಮ್ಮನನ್ನು ನಿಜವಾದ ಆಶ್ಚರ್ಯದಿಂದ ಕೇಳಿದರು:

"ಅಲ್ರೀ, ಇಷ್ಟ್ ಜಾಗಾದಾಗ ಅಷ್ಟು ಮಕ್ಕಳನ್ನ ಹೆಂಗ್ ಮಲಗಸ್ತಿದ್ರಿ?"

"ಮಲಗಿಸ್ತಿರಲಿಲ್ಲ ಸಾರ್" ಎಂದರು ಮಂಗಮ್ಮ. "ಅವತ್ತು ಸಭೆಗೆ ಅದನ್ನ ಹೇಳೋಕೇ ಬಂದಿದ್ದು."