ನಾನು ನೆಟ್ಟಗೆ ಮಾಡಿದ ಫೋಟೋ

ಹೋದ ವರ್ಷದ ಬೇಸಿಗೆ. ನರ್ಸಿಂಗ್ ಪ್ರವೇಶ ಪರೀಕ್ಷೆಗೆ ಆನ್‌ಲೈನ್ ಅರ್ಜಿ ಹಾಕಲು ಅದೇ ಕೊನೆಯ ದಿನ. ಕಡೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸಣ್ಣ ಕಂಪ್ಯೂಟರ್ ಸೆಂಟರ್ ಇದೆ. ಬೆಳಗಿನಿಂದ ಜನವೋ ಜನ. ಅದರ ಮೇಲೆ ಫೋಟೋಗಳ ಕಾಟ. ಮೊಬೈಲಿನಲ್ಲಿ ನೆಟ್ಟಗೆ ನಿಂತಿದ್ದವರು ವೆಬ್‌ಸೈಟಿಗೆ ಹಾಕಿದ ಕೂಡಲೇ ಅಡ್ಡಡ್ಡ ಮಲಗಿಬಿಡುತ್ತಾರೆ. ಒಬ್ಬೊಬ್ಬರನ್ನೂ ತಿರುಗಿಸಿ ನಿಲ್ಲಿಸಬೇಕು. ನಾನು ಮೊದಲೇ ಮುಂಗೋಪಿ. ಮಧ್ಯಾಹ್ನದ ಹೊತ್ತಿಗೆ ತಲೆ ಮೊಸರುಗಡಿಗೆಯಾಗಿತ್ತು.

ಆಗ ಯಗಟಿ ಕಡೆಯಿಂದ ಒಬ್ಬ ಹೆಂಗಸು ಬಂದರು. ಮಗಳ ಅರ್ಜಿ ಹಾಕಬೇಕಿತ್ತು. ನನ್ನ ಜೆರಾಕ್ಸ್ ಮಷೀನ್ ಕೆಟ್ಟಿದ್ದರಿಂದ ಮಗಳು ಅಂಕಪಟ್ಟಿ ಹಿಡಿದುಕೊಂಡು ಎದುರಿನ ಅಂಗಡಿಗೆ ಹೋಗಿದ್ದಳು. ತಾಯಿಯ ಮೊಬೈಲಿನಿಂದ ಫೋಟೋ ತೆಗೆದುಕೊಂಡು ಹಾಕಿದೆ. ಎಂದಿನಂತೆ ಅಡ್ಡ ಬಿತ್ತು. ತಿರುಗಿಸಿದೆ. ಆದರೂ ತಲೆ ಎಡಕ್ಕೆ ವಾಲಿಕೊಂಡೇ ಇತ್ತು. ‘ಮುಖ ನೇರವಾಗಿಲ್ಲ’ ಎಂದು ವೆಬ್‌ಸೈಟ್ ಕೆಂಪಕ್ಷರದಲ್ಲಿ ತೋರಿಸಿತು.

"ಯಾರಮ್ಮ ಈ ಫೋಟೋ ತೆಗ್ದಿದ್ದು? ಮೊಬೈಲ್ನೇ ಸೊಟ್ಟಗೆ ಹಿಡ್ಕೊಂಡವ್ರಲ್ಲ," ಎಂದು ಗೊಣಗಿದೆ. ಆಕೆ ಪರದೆಯನ್ನೇ ನೋಡುತ್ತಿದ್ದರು.

ನಾನು ಚೂರುಚೂರೇ ತಿರುಗಿಸುತ್ತ ಹೋದೆ. ಮುಖ ನೆಟ್ಟಗಾಯಿತು. ಹುಡುಗಿಯ ಹಿಂದಿದ್ದ ಬಾಗಿಲು ವಾಲಿತು, ಅದನ್ನು ಯಾರು ನೋಡುತ್ತಾರೆ ಎಂದು ಬಿಟ್ಟೆ. ವೆಬ್‌ಸೈಟ್ ಒಪ್ಪಿಕೊಂಡಿತು. ಪಕ್ಕಕ್ಕೆ ನೋಡಿದರೆ ತಾಯಿಯ ಕಣ್ಣು ತುಂಬಿತ್ತು.

"ಎಷ್ಟ್ ಚೆಂದ ಕಾಣ್ತಾಳೆ ಅಲ್ವೇನವ್ವ," ಎಂದರು. ಪಾಸ್‌ಪೋರ್ಟ್ ಸೈಜಿನ ಫೋಟೋ ನೋಡಿ ಅಳುವಂಥದ್ದೇನಿದೆ ಎಂದು ನನಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಮಗಳು ಒಳಗೆ ಬಂದಳು. ಅವಳ ಕುತ್ತಿಗೆಯೇ ಎಡಕ್ಕೆ ವಾಲಿತ್ತು. ಹುಟ್ಟಿನಿಂದಲೇ ಹಾಗಂತೆ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಹುಡುಗಿ ಪರದೆ ನೋಡಿದಳು. ಕೋಪ ಮಾಡಿಕೊಳ್ಳಲಿಲ್ಲ. "ಅಕ್ಕಾ, ಹಿಂದ್ಗಡೆ ಬಾಗ್ಲು ಬಿದ್ದೋಗೋ ಹಂಗೈತೆ. ಇದು ಬ್ಯಾಡ, ಬೇರೆ ಹಾಕಿ," ಎಂದಳು.

"ಇರ್ಲಿ ಬಿಡೇ, ಒಪ್ಕೊಂಡೈತಲ್ಲ. ಇವತ್ತು ತಪ್ಪಿದ್ರೆ ಒಂದು ವರ್ಷ ಹೋಯ್ತದೆ," ಎಂದರು ತಾಯಿ.

"ಪರೀಕ್ಷೆ ದಿನ ಫೋಟೋ ಹಿಡ್ಕೊಂಡು ಮುಖ ನೋಡ್ತಾರೆ ಕಣಮ್ಮ. ಆಗ ಇವಳ್ನ ಎಲ್ಲಿಂದ ಕರ್ಕೊಂಡು ಬರ್ಲಿ?"

ಹುಡುಗಿ ಹೇಳುವುದು ಸರಿ. ಆದರೆ ಅವಳು ಇರುವ ಹಾಗೇ ಫೋಟೋ ಹಾಕಿದರೆ ವೆಬ್‌ಸೈಟ್ ಬಿಡುವುದಿಲ್ಲ. ಸಹಾಯವಾಣಿಗೆ ಫೋನ್ ಮಾಡಿದೆ. ಸಂಗೀತ ಕೇಳಿಸಿತೇ ಹೊರತು ಯಾರೂ ಮಾತಾಡಲಿಲ್ಲ. ಸಂಜೆಯೊಳಗೆ ಅರ್ಜಿ ಹೋಗದಿದ್ದರೆ ಈ ಮಗುವಿನ ಗತಿಯೇನು ಎಂದು ನನಗೇ ಅಳು ಬರುವಂತಾಯಿತು.

ಹುಡುಗಿ ಸ್ಟೂಲನ್ನು ಬಿಳಿ ಗೋಡೆಯ ಮುಂದೆ ಎಳೆದುಕೊಂಡು ಕೂತು, ಬಲಗೈಯನ್ನು ಪಕ್ಕದ ಮೇಜಿಗೆ ಊರಿ ಸೊಂಟದಿಂದಲೇ ಬಲಕ್ಕೆ ವಾಲಿದಳು. ಹೆಗಲು ಓರೆಯಾಯಿತು, ತಲೆ ನೆಟ್ಟಗೆ ನಿಂತಿತು.

"ಈಗ ತೆಗೀರಿ ಅಕ್ಕಾ. ಪರೀಕ್ಷೆ ಹಾಲಲ್ಲಿ ಕೇಳಿದ್ರೆ ಹಿಂಗೇ ವಾಲಿ ತೋರಿಸ್ತೀನಿ. ಬೇಗ, ಸೊಂಟ ನೋಯ್ತದೆ," ಎಂದು ನಕ್ಕಳು.

"ನಗಬ್ಯಾಡ ಸುಮ್ನಿರು," ಎಂದು ಗದರುತ್ತಲೇ ತೆಗೆದೆ. ವೆಬ್‌ಸೈಟ್ ಒಪ್ಪಿತು. ಅರ್ಜಿ ಹೋಯಿತು.

ಹೊರಡುವಾಗ ಅವಳು ನನ್ನ ಹತ್ತಿರ ಬಂದು, "ನೀವು ನೆಟ್ಟಗೆ ಮಾಡಿದ್ರಲ್ಲ, ಆ ಫೋಟೋನ ಅಮ್ಮಂಗೆ ಒಂದು ಪ್ರಿಂಟ್ ಹಾಕ್ಕೊಡಿ ಅಕ್ಕಾ. ಆಗ್ಲಿಂದ ಅದ್ನೇ ನೋಡ್ತೈತೆ," ಎಂದು ಮೆಲ್ಲಗೆ ಹೇಳಿದಳು.

ತಾಯಿಗೆ ಕೇಳಿಸಿತು. ಪರದೆಯ ಕಡೆ ಇನ್ನೊಮ್ಮೆ ನೋಡಿ, ಮಗಳ ಕೈ ಹಿಡಿದುಕೊಂಡರು.

"ಬ್ಯಾಡ ಕಣವ್ವ, ಅಳಿಸ್ಬಿಡು. ಅದ್ಯಾರೋ ಹುಡ್ಗಿ. ಅವಳ್ನ ನಾನು ಸಾಕಿಲ್ಲ."

ಅಳಿಸಿದೆ. ಇಬ್ಬರೂ ಬಸ್ಸಿಗೆ ಹೋದರು. ಆ ಹುಡುಗಿಗೆ ಸೀಟು ಸಿಕ್ಕಿತೋ ಇಲ್ಲವೋ ತಿಳಿಯದು, ಸಿಕ್ಕಿರಲಿ ಎಂದು ಈಗಲೂ ಹಾರೈಸುತ್ತೇನೆ. ಅಡ್ಡ ಬಿದ್ದ ಫೋಟೋಗಳನ್ನು ದಿನವೂ ತಿರುಗಿಸುತ್ತೇನೆ. ಆದರೆ ಫೋಟೋದಲ್ಲಿರುವವರನ್ನು ಕಣ್ಣಾರೆ ನೋಡುವ ತನಕ ಯಾರ ತಲೆಯನ್ನೂ ನೆಟ್ಟಗೆ ಮಾಡಲು ಹೋಗುವುದಿಲ್ಲ. ತಡವಾಯಿತೆಂದು ಗಿರಾಕಿಗಳು ಬೈಯುತ್ತಾರೆ. ಬೈಸಿಕೊಳ್ಳುತ್ತೇನೆ.