ಸತ್ತವರ ಹೆಸರ ಹೇಳ್ರಿ, ಅಳ್ತೇನಿ

ಇನ್ನೂ ಮಬ್ಬುಗತ್ತಲು. ಬಸವನ ಬಾಗೇವಾಡಿ ಬಸ್ ನಿಲ್ದಾಣದಲ್ಲಿ ರಾಮವ್ವ ಶೇಂಗಾ ಸಿಪ್ಪೆ, ಗುಟಕಾ ಚೀಟಿಗಳನ್ನು ಗುಡಿಸಿ ಒಂದೆಡೆ ಕೂಡಿಸುತ್ತಿದ್ದಾರೆ. ಕಸಬರಿಗೆಯ ಸಪ್ಪಳದ ಜೊತೆಗೇ ಗಂಟಲಲ್ಲಿ ಒಂದು ಧಾಟಿ ಏಳುತ್ತದೆ. ಬಾಯಿಗೆ ಬರುವ ಮೊದಲೇ ನುಂಗಿಕೊಳ್ಳುತ್ತಾರೆ. ಸಿಂದಗಿ ಬಸ್ಸಿನ ಕಂಡಕ್ಟರ್ ಸಂಗಣ್ಣ ಚಹಾ ಹಿಡಿದು ನಿಂತು ಕೆಣಕುತ್ತಾರೆ.

“ರಾಮವ್ವಕ್ಕ, ಚಂದ್ರನ ಮ್ಯಾಲ ಹೊಂಟೀಯಂತಲ್ಲ?”

“ಹೊಂಟೇನೋ ತಮ್ಮಾ. ನಿನ್ನ ಬಸ್ಸಿನಷ್ಟು ಹೊಲಸ ಅಲ್ಲಿ ಇರಂಗಿಲ್ಲಂತ.”

ಕಸ ಗುಡಿಸುವುದು ಅವರ ಹೊಟ್ಟೆಪಾಡು. ಆದರೆ ತಾಂಬಾದಿಂದ ಮುಳವಾಡದವರೆಗೆ ಜನ ಅವರನ್ನು ಬಲ್ಲದ್ದು ಸಾವಿನ ಮನೆಗಳಲ್ಲಿ. ಹೆಣದ ಬದಿಗೆ ಕುಳಿತು, ಸತ್ತವರ ಹೆಸರು ಹಿಡಿದು, ಅವರು ಸಾಕಿದ ಎತ್ತು, ಅರ್ಧಕ್ಕೇ ಬಿಟ್ಟ ರೊಟ್ಟಿ ಎಲ್ಲವನ್ನೂ ಹಾಡಿಗೆ ತಂದು ಅಳುತ್ತಾರೆ. ಹಾಡ್ಯಾಡಿ ಅಳುವುದು ಎಂದರೆ ಇದೇ. ಅದಕ್ಕೆ ದುಡ್ಡು ಮುಟ್ಟುವುದಿಲ್ಲ. ಪುರಾಣಕ್ಕೆ ಕೈಮುಗಿದು ಬೆಳೆದವರಿಗೆ ಆ ಧಾಟಿ ಕಿವಿಗೆ ಬಿದ್ದರೂ ಕೈ ತಾನೇ ಮುಗಿಯುತ್ತದೆ.

ಶಾಲಾ ಮಾಸ್ತರ ಜಾಹಿದ ಅವರ ತಂಡ ಬರುವ ತಿಂಗಳು ‘ನಾಕು ಕತ್ತಲು’ ಎಂಬ ಆಟ ಆಡಲಿದೆ. ಒಂದೇ ಸಂಜೆ ನಾಲ್ಕು ಕಿರುನಾಟಕ: ಎರಡು ದೆವ್ವದವು, ಎರಡು ವಿಜ್ಞಾನದವು. ಒಂದರಲ್ಲಿ ಗಗನಯಾತ್ರಿಯೊಬ್ಬ ನೌಕೆಯಿಂದ ಕಳಚಿ ಕತ್ತಲಲ್ಲಿ ತೇಲಿ ಹೋಗುತ್ತಾನೆ. ಒಂಟಿಯಾಗಿ ಉಳಿದ ನೌಕೆಯ ಯಂತ್ರ ಅವನಿಗಾಗಿ ಅಳುತ್ತದೆ. ಪರದೆಯ ಹಿಂದಿನ ಆ ಅಳು ರಾಮವ್ವ ಅವರದು.

ತಾಲೀಮಿನ ಮೊದಲ ದಿನ ಅವರು ಕೇಳಿದ್ದು ಇಷ್ಟೇ: “ಮಾಸ್ತರ, ಸತ್ತವರ ಹೆಸರ ಹೇಳ್ರಿ, ಅಳ್ತೇನಿ.”

“ಹೆಸರಿಲ್ಲಕ್ಕ ಅವಗ.”

“ಸತ್ತಾನೋ ಇಲ್ಲೋ?”

“ಅದೂ ಗೊತ್ತಿಲ್ಲ. ಹೊಳ್ಳಿ ಬರಂಗಿಲ್ಲ, ಅಷ್ಟ.”

ರಾಮವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕುಳಿತರಂತೆ. ಆಮೇಲೆ ಅತ್ತರು. “ಅವತ್ತು ಮುಂದ ತಾಲೀಮು ಆಗಲೇ ಇಲ್ಲರಿ,” ಎನ್ನುತ್ತಾರೆ ಜಾಹಿದ.

ರಾಮವ್ವ ಅವರ ಗಂಡ ಬೋರ್‌ವೆಲ್ ಲಾರಿಯ ಕೆಲಸಕ್ಕೆ ಹೋದವರು, ಬಂದಿಲ್ಲ. ಹನ್ನೊಂದು ವರ್ಷವಾಯಿತು. ಕೊರಳಲ್ಲಿ ತಾಳಿ, ಕೈಯಲ್ಲಿ ಹಸಿರು ಬಳೆ ಹಾಗೇ ಇವೆ. “ಗಂಡನ ಹೆಸರ ನಾವು ಬಾಯಿಬಿಟ್ಟ ಹೇಳೂದು ಎರಡ ಸಲರಿ. ಲಗ್ನದಾಗ ಒಡಪ ಹೇಳುವಾಗ ಒಮ್ಮೆ, ಹೆಣದ ಮುಂದ ಒಮ್ಮೆ. ಊರ ಮಂದಿಗೆಲ್ಲ ಅತ್ತೇನಿ. ಮನಿಯವರಿಗೆ ಅಳಾಕ ಬರಂಗಿಲ್ಲ. ಅತ್ತರ, ನಾನ ಕೈಯಾರೆ ಬಳಿ ಒಡಕೊಂಡಂಗ.” ಮನೆಯಲ್ಲಿ ಅತ್ತೆ ಇದ್ದಾರೆ. ಸೊಸೆಯ ದನಿ ಸ್ವಲ್ಪ ನಡುಗಿದರೂ ಗದರುತ್ತಾರೆ: “ನನ್ನ ಮಗಾ ಬರಾಂವ ಅದಾನ. ಬಾಯಿ ಮುಚ್ಚು.”

ರಾಮವ್ವ ಈ ಆಟದ ದಾರಿ ಕಾಯುತ್ತಿದ್ದದ್ದು ಅದಕ್ಕೇ. ಹೆಸರಿಲ್ಲದವನಿಗಾಗಿ ಅತ್ತರೆ ಬಳೆ ಒಡೆಯಬೇಕಿಲ್ಲ.

ಕಳೆದ ಸೋಮವಾರ ಜಾಹಿದ ನಿಲ್ದಾಣಕ್ಕೇ ಬಂದು ತಿಳಿಸಿದ್ದಾರೆ: ಸಭಾಭವನ ಸಿಕ್ಕಿರುವುದು ಕಡಿಮೆ ಹೊತ್ತಿಗೆ, ನೌಕೆಯ ಕಥೆ ಕೈಬಿಟ್ಟಿದೆ. “ಮಂದಿಗೆ ದೆವ್ವನ ಬೇಕಕ್ಕ. ಅದ ದನಿ ದೆವ್ವಕ್ಕ ಕೊಡು.”

“ಅಂಜಸಾಕ ಅಳೂದು ನನಗ ಬರಂಗಿಲ್ಲರಿ, ಮಾಸ್ತರ,” ಎಂದು ರಾಮವ್ವ ಕಸಬರಿಗೆ ಎತ್ತಿಕೊಂಡಿದ್ದಾರೆ.

ಈಗ ಇಂಡಿ ಊರಿನ ಬಸ್ಸು ಬಂದು ನಿಲ್ಲುತ್ತದೆ. ಇಳಿಯುವವರ ಮುಖಗಳನ್ನು ರಾಮವ್ವ ಒಂದೊಂದಾಗಿ ನೋಡುತ್ತಾರೆ. ಕೊನೆಯವನು ಇಳಿದು, ಬಾಗಿಲು ಬಡಿದುಕೊಂಡ ಮೇಲೆ ಮತ್ತೆ ಬಗ್ಗಿ ಗುಡಿಸತೊಡಗುತ್ತಾರೆ.

“ನಮ್ಮತ್ತಿಗೆ ಕಿವಿ ಮಂದರಿ,” ಎನ್ನುತ್ತಾರೆ, ತಲೆ ಎತ್ತದೆ. “ನಿನ್ನಿ ತಾವ ಅಂದ್ರು, ನೀ ಅಳೂ ಆಟಕ್ಕ ನನ್ನೂ ಕರಕೊಂಡ ಹೋಗು, ಮುಂದಿನ ಸಾಲಿನ್ಯಾಗ ಕುಂದರಸು ಅಂತ. ಆ ಕತಿ ತಗದಾರ ಅಂತ ನಾ ಇನ್ನಾ ಹೇಳಿಲ್ಲರಿ.”