ಮುದುಕಿ ನಗದ ಕಾಮಿಡಿ

ಯುಗಾದಿಯ ಮರುದಿನ ತಿಕೋಟಾ ಸಂತೆಯಲ್ಲಿ, ಅಥಣಿ ರಸ್ತೆಯ ನಮ್ಮ ನೆರೆಮನೆಯ ನಿರ್ದೇಶಕರು ತಮ್ಮ ಹೊಸ ಕಾಮಿಡಿ ಚಿತ್ರವನ್ನು ಕಾಯಿಪಲ್ಲೆ ಮಾರುವ ಮುದುಕಿಗೆ ಮೊಬೈಲಿನಲ್ಲಿ ತೋರಿಸಿದರು. ಚಿತ್ರ ಗೇಲಿ ಮಾಡಿದ್ದು ಆಕೆಯ ಬೈಗುಳಗಳನ್ನೇ.

“ಯಾರನ್ನ ಆಡಿಕೋತೀವೋ ಅವರ ಮೊದಲ ನಗಬೇಕ್ರಿ,” ಎಂದು ಅವರು ಯಾವಾಗಲೂ ಹೇಳುತ್ತಿದ್ದರು. ನಗದಿದ್ದರೆ ಆ ದೃಶ್ಯಕ್ಕೆ ಕತ್ತರಿ. ಅಂದೂ ಮೊಬೈಲಿನತ್ತ ನೋಡದೆ, ಗಡ್ಡ ಕೆರೆಯುತ್ತ, ಮುದುಕಿಯ ಮುಖವನ್ನೇ ನೋಡುತ್ತಿದ್ದರು. ಇಡೀ ಚಿತ್ರ ನಿಂತಿದ್ದು ಆಕೆಯ ಪಾತ್ರದ ಮೇಲೆ.

ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು. ಮುದುಕಿ ನಗಲಿಲ್ಲ.

“ಆಯೀ, ತಪ್ಪಾತೇನ್ ಬೇ? ತೆಗದಬಿಡ್ತೇನಿ,” ಎಂದರು ನಿರ್ದೇಶಕರು.

“ಲೇ ಭಾಡ್ಯಾ, ನಾ ಇಷ್ಟ ಸಪ್ಪಗ ಬೈತೇನೇನು? ಮೈಕ್ ತಾ ಇಲ್ಲೆ!”

ನಿರ್ದೇಶಕರು ಕುಣಿದೇಬಿಟ್ಟರು. ಸಂತೆಯಲ್ಲೇ ಆ ಪಾತ್ರಕ್ಕೆ ಮುದುಕಿಯದೇ ದನಿ ರೆಕಾರ್ಡ್ ಆಯಿತು.

ಚಿತ್ರ ಬಿಡುಗಡೆಯಾಗಿದೆ. ಮುದುಕಿಯ ಮಾತಿನಲ್ಲಿ ಅರ್ಧಕ್ಕರ್ಧ ಬೀಪ್ ಇದೆ.